ರೈಲ್ವೆ ಕ್ವಾರ್ಟರ್ಸಿನಲ್ಲಿದ್ದ ಕಡಲು

ಕಳೆದ ವಾರ ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಅರಸೀಕೆರೆಯ ನನ್ನ ಗಾಜಿನ ಅಂಗಡಿಗೆ ಬಂದಳು. ಅಕ್ವೇರಿಯಂ ಮಾಡಿಸಬೇಕಂತೆ. ಅಳತೆ ಕೇಳಿದರೆ ಬ್ಯಾಗಿನಿಂದ ಒಂದು ಡಬ್ಬಿ ತೆಗೆದು, "ಅಂಕಲ್, ಇದು ಬೆಳೆಯೋಕೆ ಎಷ್ಟು ಜಾಗ ಬೇಕೋ ಅಷ್ಟು" ಎಂದು ಮುಚ್ಚಳ ಬಿಚ್ಚಿದಳು. ಒಳಗೆ ಸಿಕ್ಕುಬಿದ್ದ ಹಸಿರು ನೂಲಿನ ಉಂಡೆಯ ಹಾಗೆ ಕಡಲ ಪಾಚಿ. ಉಪ್ಪುನೀರಿನ ವಾಸನೆ ಮೂಗಿಗೆ ಬಡಿಯಿತು. ಅಳತೆ ಟೇಪನ್ನು ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ... ನಾನು ಸಮುದ್ರವನ್ನು ಕಣ್ಣಾರೆ ನೋಡಿದ್ದು ಮದುವೆಯಾದ ಮೇಲೆ. ಅದರ ವಾಸನೆ ಮಾತ್ರ ಅದಕ್ಕೂ ಮೊದಲೇ ಗೊತ್ತಿತ್ತು, ಇದೇ ಊರಿನ ರೈಲ್ವೆ ಕ್ವಾರ್ಟರ್ಸಿನ ಒಂದು ಮನೆಯಲ್ಲಿ.

ಆ ಮನೆಯಾಕೆಯನ್ನು ನಾವೆಲ್ಲ ಗಾರ್ಡಮ್ಮ ಎನ್ನುತ್ತಿದ್ದೆವು. ಅವರ ಯಜಮಾನರು ಗೂಡ್ಸ್ ಗಾಡಿಯ ಗಾರ್ಡು. ಗಾರ್ಡಮ್ಮ ಹುಟ್ಟಿ ಬೆಳೆದದ್ದು ಕರಾವಳಿಯಲ್ಲಿ. ಮದುವೆಯಾಗಿ ಬಂದು ಬಿದ್ದದ್ದು ತೆಂಗು, ರಾಗಿ ಮತ್ತು ಗಡಸು ಬೋರ್‌ವೆಲ್ ನೀರಿನ ನಮ್ಮ ಸೀಮೆಗೆ. ಇಲ್ಲಿ ಮೀನು ಸಾಕುವವರೆಲ್ಲ ಗಪ್ಪಿ, ಗೋಲ್ಡ್ ಫಿಶ್ ಸಾಕುತ್ತಿದ್ದರೆ ಅವರೊಬ್ಬರು ಮಾತ್ರ ಉಪ್ಪುನೀರಿನ ಟ್ಯಾಂಕ್ ಇಟ್ಟಿದ್ದರು. ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನು, ಒಂದಿಷ್ಟು ಕಲ್ಲು, ಆಮೇಲೆ ಪಾಚಿ. ಮೀನಿಗಿಂತ ಪಾಚಿಯ ಮೇಲೇ ಅವರಿಗೆ ಪ್ರೀತಿ. ಎಲ್ಲ ಬದಿಗೂ ಬೆಳಕು ತಾಗಲೆಂದು ದಿನ ಬಿಟ್ಟು ದಿನ ಉಂಡೆಯನ್ನು ಮಗ್ಗುಲು ಬದಲಿಸಿ ಮಲಗಿಸುತ್ತಿದ್ದರು. ಮೂರು ಗಂಡು ಮಕ್ಕಳನ್ನು ಸಾಕಿದ ಕೈ ಅದು.

ಸಮುದ್ರದ ನೀರು ಮಂಗಳೂರಿನ ಕಡೆಯಿಂದ ಕ್ಯಾನಿನಲ್ಲಿ ಬರುತ್ತಿತ್ತು. ಒಬ್ಬ ಗಾರ್ಡಿನ ಕೈಯಿಂದ ಇನ್ನೊಬ್ಬರ ಕೈಗೆ ದಾಟಿ, ಘಾಟಿ ಹತ್ತಿ, ನಮ್ಮ ಜಂಕ್ಷನ್ನಿನಲ್ಲಿ ಇಳಿಯುತ್ತಿತ್ತು. ಒಮ್ಮೆ ಹೊಸಬರು ಯಾರೋ ಬಾಯಾರಿ ಒಂದು ಲೋಟ ಬಗ್ಗಿಸಿಕೊಂಡು ಕುಡಿದರಂತೆ. ಆಮೇಲಿಂದ ಗಾರ್ಡಮ್ಮ ಖಾಲಿ ಕ್ಯಾನಿನ ಮೇಲೆ 'ಇದು ಮೀನಿಗೆ' ಎಂದು ದಪ್ಪಗೆ ಬರೆದು ಕಳಿಸುತ್ತಿದ್ದರು.

ಭಾನುವಾರ ಬೆಳಗ್ಗೆ ಅವರ ವರಾಂಡದಲ್ಲಿ ಸುತ್ತಮುತ್ತ ಮೀನು ಸಾಕುವವರು ಸೇರುತ್ತಿದ್ದರು. ಮೀನಿನವರು ಎಂದರೆ ಮೀನೊಂದೇ ಅಲ್ಲ. ಒಬ್ಬರು ಮೊಲದ ಮರಿ ತಂದರೆ ಇನ್ನೊಬ್ಬರು ಲವ್ ಬರ್ಡ್ಸಿನ ಜೋಡಿ ತರುತ್ತಿದ್ದರು. ಗಾರ್ಡಮ್ಮ ಪಾಚಿಯನ್ನು ಕತ್ತರಿಯಿಂದ ಕತ್ತರಿಸಿ, ಉಪ್ಪಿನಕಾಯಿ ಬಾಟಲಿಯಲ್ಲಿ ಹಾಕಿ, ಬೆಳೆಸುತ್ತೇನೆ ಎಂದವರಿಗೆಲ್ಲ ಕೊಡುತ್ತಿದ್ದರು. ಒಂದೇ ಷರತ್ತು. ಬಾಟಲಿ ಖಾಲಿ ವಾಪಸ್ ಬರಬಾರದು, ಜೀವ ಇರುವುದು ಏನಾದರೂ ಅದರಲ್ಲಿರಬೇಕು. ಕಣಕಟ್ಟೆಯ ಒಬ್ಬರು ಕೊಬ್ಬರಿ ಮಿಠಾಯಿ ತುಂಬಿ ತಂದಿದ್ದರು. ಗಾರ್ಡಮ್ಮ "ಇದಕ್ಕೆ ಈಜಲಿಕ್ಕೆ ಬರ್ತದಾ?" ಎಂದು ಕೇಳಿ, ಮಿಠಾಯಿಯನ್ನು ಎಲ್ಲರಿಗೂ ಹಂಚಿ, ಬಾಟಲಿಯನ್ನು ಅವರ ಕೈಗೇ ವಾಪಸ್ ಕೊಟ್ಟರು. ಮುಂದಿನ ವಾರ ಅದರಲ್ಲಿ ಎರಡು ಬಸವನಹುಳು ಬಂದವು.

ನಾನು ಆಗ ಹೊಸದಾಗಿ ಅಂಗಡಿ ಹಾಕಿದ್ದೆ. ಓದಿದ್ದು ಏಳನೇ ಕ್ಲಾಸು. ಆದರೆ ಗಾಜು ಕುಯ್ಯುವುದರಲ್ಲಿ ನನ್ನನ್ನು ಮೀರಿಸುವವರು ಈ ತಾಲ್ಲೂಕಿನಲ್ಲಿ ಇರಲಿಲ್ಲ, ಈಗಲೂ ಇಲ್ಲ. ನಾನು ಅಂಟಿಸಿದ ಟ್ಯಾಂಕ್ ಸೋರಿದ್ದಿಲ್ಲ. ಈ ಭಾನುವಾರದವರೇ ನನ್ನ ಮೊದಲ ಗಿರಾಕಿಗಳು.

ಒಂದು ವಾರ ಗಾರ್ಡಮ್ಮನ ಹಳೆಯ ಟ್ಯಾಂಕು ಮೂಲೆಯಲ್ಲಿ ಜಿನುಗತೊಡಗಿತು. ಆ ಟ್ಯಾಂಕ್ ನಾನು ಮಾಡಿದ್ದಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ನಾನು ಯಾವಾಗಲೂ ತರುವ ಸಿಲಿಕಾನ್ ಅಂಟು ಹಾರ್ಡ್‌ವೇರ್ ಅಂಗಡಿಯಲ್ಲಿ ಮುಗಿದಿತ್ತು. ಅಂಗಡಿಯವನು ಬೇರೆ ಟ್ಯೂಬ್ ಕೊಟ್ಟ. ಅದೇ ಬಣ್ಣ, ಅದೇ ಘಾಟು. ಹಿಂದುಗಡೆ ಇಂಗ್ಲಿಷಿನಲ್ಲಿ ಇರುವೆ ಸಾಲಿನಂತೆ ಏನೇನೋ ಅಚ್ಚು ಹಾಕಿತ್ತು. ಯಾರನ್ನಾದರೂ ಓದಿ ಹೇಳಿ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಅಂಗಡಿ ಇಟ್ಟವನು ಟ್ಯೂಬ್ ಓದಿಸಿಕೊಂಡು ತಿರುಗಿದರೆ ಜನ ಏನೆಂದಾರು...

ಮೂಲೆ ಸರಿ ಮಾಡಿದೆ. ಮೂರು ದಿನ ಒಣಗಿತು. ನೀರು ತುಂಬಿ ಮೀನು ಬಿಟ್ಟರು. ಮಾರನೆಯ ದಿನ, ಶನಿವಾರ ಬೆಳಗ್ಗೆ, ಹೇಳಿ ಕಳಿಸಿದರು.

ಹೋಗಿ ನೋಡಿದರೆ ಸ್ಟೂಲಿನ ಮೇಲೆ ಟ್ಯಾಂಕಿನ ಎದುರು ಕೂತಿದ್ದರು. ಎರಡು ಮೀನೂ ಮರಳಿನ ಮೇಲೆ ಮಗ್ಗುಲಾಗಿದ್ದವು. ಪಾಚಿಯ ತುದಿಗಳು ಬೆಳ್ಳಗಾಗಿದ್ದವು.

"ಹೋಯ್ತು ಮಾರಾಯ" ಎಂದರು. ಆಮೇಲೆ, "ಎಂತ ಅಂಟು ಹಾಕಿದ್ದು? ತೆಗೆದುಕೊಂಡು ಬಾ" ಎಂದರು.

ತಂದುಕೊಟ್ಟೆ. ಕನ್ನಡಕ ಹಾಕಿಕೊಂಡು ಓದಿದರು. "ಇದು ಬಚ್ಚಲುಮನೆಗೆ ಹಾಕುವಂಥದ್ದು. ಬೂಷ್ಟು ಹಿಡಿಯಬಾರದು ಅಂತ ಇದರಲ್ಲಿ ಮದ್ದು ಸೇರಿಸಿರ್ತಾರೆ. ಮೀನಿನ ಟ್ಯಾಂಕಿಗೆ ಬೇಡ ಅಂತ ಇಲ್ಲೇ ಬರೆದಿದ್ದಾರಲ್ಲ."

ನಾನು ನೆಲ ನೋಡಿದೆ.

"ಬೇರೆ ಯಾರದ್ದಕ್ಕಾದ್ರೂ ಹಾಕಿದ್ದೀಯಾ?"

"ಇಲ್ಲಮ್ಮ."

ಹಾಕಿದ್ದೆ. ಮಾದಿಹಳ್ಳಿಯ ಹಾಲಿನ ಡೇರಿ ಸೆಕ್ರೆಟರಿಗೆ ನಾಲ್ಕಡಿ ಟ್ಯಾಂಕು, ಅದುವರೆಗೆ ನನಗೆ ಬಂದ ಅತಿ ದೊಡ್ಡ ಕೆಲಸ. ಗುರುವಾರವೇ ಕಳಿಸಿದ್ದೆ. ಭಾನುವಾರ ನೀರು ತುಂಬಿ ಎಂದು ನಾನೇ ಹೇಳಿದ್ದೆ. ಅವರ ಹತ್ತಿರ ವರ್ಷಗಟ್ಟಲೆ ಸಾಕಿದ ಏಂಜಲ್ ಮೀನುಗಳಿದ್ದವು. ಗಾರ್ಡಮ್ಮನ ಮೀನು ಸಾಯಿಸಿದ್ದಲ್ಲದೆ ಅವರದ್ದನ್ನೂ ಸಾಯಿಸಿದ ಎಂದಾದರೆ ಅಂಗಡಿ ಮುಚ್ಚಿ ಮತ್ತೆ ಬೇರೆಯವರ ಕೈಕೆಳಗೆ ಗಾಜು ಹೊರಬೇಕಿತ್ತು.

ಗಾರ್ಡಮ್ಮ ಟ್ಯೂಬನ್ನು ಹಿಂದೆ ಮುಂದೆ ತಿರುಗಿಸಿದರು. ಕೊನೆಯವರೆಗೂ ಹಿಂಡಿದ ಟ್ಯೂಬು. "ನನ್ನ ಒಂದು ಮೂಲೆಗೆ ಇಷ್ಟೆಲ್ಲ ಬೇಕಾಯ್ತಾ?" ಎಂದರು.

ಅವರು ಎದ್ದು ಒಳಗೆ ಹೋಗಿ, ಸೀರೆ ಬದಲಿಸಿ, ಕೊಡೆ ಹಿಡಿದು ಬಂದರು. "ಹೋಗುವ. ಯಾವ ಊರು ಅಂತ ಹೇಳು, ಟಿಕೆಟ್ ತೆಗೀಬೇಕಲ್ಲ."

"ಮಾದಿಹಳ್ಳಿ... ನೀವ್ಯಾಕಮ್ಮ? ಫೋನ್ ಮಾಡ್ತೀನಿ. ಅಂಟು ಒಣಗಿಲ್ಲ, ನೀರು ಹಾಕ್ಬೇಡಿ ಅಂತೀನಿ. ಆಮೇಲೆ ತಂದು ಸರಿ ಮಾಡ್ಕೊಟ್ರೆ ಗೊತ್ತೇ ಆಗಕ್ಕಿಲ್ಲ."

"ಒಣಗಿಲ್ಲ ಅಂದ್ರೆ ಅವರು ಎರಡು ದಿನ ಕಾಯ್ತಾರೆ, ಮೂರನೇ ದಿನ ತುಂಬ್ತಾರೆ. ಅಷ್ಟರಲ್ಲಿ ನಿಂಗೆ ಧೈರ್ಯ ಬರದಿದ್ರೆ?"

ಜಾವಗಲ್ ದಾಟಿ, ಹಳೇಬೀಡಿನಲ್ಲಿ ಬಸ್ ಬದಲಿಸಿ ಹೋದೆವು. ದಾರಿಯುದ್ದಕ್ಕೂ ಅವರು ಕಿಟಕಿಯಾಚೆ ನೋಡುತ್ತಿದ್ದರು. ಒಮ್ಮೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಗಾಳಿಗೆ ಇರಬೇಕು ಎಂದುಕೊಂಡೆ... ಹಾಗೆ ಅಂದುಕೊಳ್ಳುವುದು ನನಗೆ ಸುಲಭವಾಗಿತ್ತು.

ಸೆಕ್ರೆಟರಿಯವರಿಗೆ ಭಾನುವಾರದವರೆಗೆ ತಡೆಯಲು ಆಗಿರಲಿಲ್ಲ. ಪೈಪು ಹಿಡಿದು ನಿಂತಿದ್ದರು. ಟ್ಯಾಂಕಿನಲ್ಲಿ ಒಂದು ಗೇಣು ನೀರು ಏರಿತ್ತು. ಮೀನುಗಳು ಪಕ್ಕದ ಬಕೆಟಿನಲ್ಲಿದ್ದವು.

"ಬನ್ನಿ ಗಾರ್ಡಮ್ಮ, ಗೃಹಪ್ರವೇಶಕ್ಕೆ ಸರಿಯಾಗಿ ಬಂದ್ರಿ!" ಎಂದರು.

ಗಾರ್ಡಮ್ಮ ನನ್ನ ಪರವಾಗಿಯೂ ಮಾತಾಡಲಿಲ್ಲ, ವಿರುದ್ಧವಾಗಿಯೂ ಮಾತಾಡಲಿಲ್ಲ. ಜಗಲಿಯಲ್ಲಿ ಕೂತು ಅವರ ಮನೆಯ ಬೆಕ್ಕನ್ನು ತೊಡೆಗೆ ಎಳೆದುಕೊಂಡರು.

"ಸಾರ್, ನಲ್ಲಿ ನಿಲ್ಸಿ" ಎಂದೆ.

"ಯಾಕ್ಲಾ, ಸೋರ್ತೈತಾ?"

"ಸೋರಕ್ಕಿಲ್ಲ. ಬಚ್ಚಲಿಗೆ ಹಾಕೋ ಅಂಟು ಹಾಕ್ಬಿಟ್ಟಿದೀನಿ. ಮೀನು ಉಳಿಯಕ್ಕಿಲ್ಲ. ಗಾರ್ಡಮ್ನೋರ ಮೀನು ಹೋದ್ವು."

"ಟ್ಯೂಬ್ ಮೇಲೆ ಬರ್ದಿರ್ಲಿಲ್ವೇನ್ಲಾ?"

"ಬರ್ದಿತ್ತು. ನಂಗೆ ಇಂಗ್ಲಿಷ್ ಓದಾಕೆ ಬರಕ್ಕಿಲ್ಲ."

ಆ ಮಾತನ್ನು ಅದಕ್ಕೂ ಮೊದಲು ನಾನು ಯಾರೆದುರೂ ಹೇಳಿರಲಿಲ್ಲ. ಸೆಕ್ರೆಟರಿ ನಲ್ಲಿ ನಿಲ್ಲಿಸಿ ಬಂದು ಚೆನ್ನಾಗಿ ಬೈದರು. ನಾಲ್ಕು ಜನ ಸೊಂಟ ಮುರಿದುಕೊಂಡು ಆ ಟ್ಯಾಂಕನ್ನು ಒಳಗೆ ಇಳಿಸಿದ್ದರಂತೆ, ಅದರಲ್ಲಿ ಒಬ್ಬನಂತೂ ಇನ್ನೂ ಎದ್ದಿಲ್ಲವಂತೆ. ಬೈದು ಸುಸ್ತಾದ ಮೇಲೆ, "ನಂಗೇನ್ ಮಹಾ ಬತ್ತದೆ? ಡೇರಿ ಕಾಗದ ಇಂಗ್ಲಿಷ್ನಾಗೆ ಬಂದ್ರೆ ಸೊಸೆ ಕೈಲಿ ಓದುಸ್ತೀನಿ" ಎಂದು ಮಜ್ಜಿಗೆ ತರಿಸಿದರು. ಬಕೆಟಿನಲ್ಲಿ ಮೀನುಗಳು ಕಿವಿರಾಡಿಸುತ್ತಿದ್ದವು. 

ಹೊರಡುವಾಗ ಅವರು ಒಳಗಿನಿಂದ ಉಪ್ಪುನೀರು ತುಂಬಿದ ಒಂದು ದೊಡ್ಡ ಜಾಡಿ ತಂದರು. ಗಾರ್ಡಮ್ಮ ಹಿಂದೆ ಕೊಟ್ಟಿದ್ದ ಒಂದು ಚಿಟಿಕೆ ಪಾಚಿ ಅದರಲ್ಲಿ ತೆಂಗಿನಕಾಯಿ ಗಾತ್ರಕ್ಕೆ ಬೆಳೆದಿತ್ತು. ಅರ್ಧ ಕತ್ತರಿಸಿ, ಅದೇ ಉಪ್ಪಿನಕಾಯಿ ಬಾಟಲಿಗೆ ತುಂಬಿ, "ನಿಮ್ದೇ ಕಣಮ್ಮ, ತಗಳಿ" ಎಂದರು. ಗಾರ್ಡಮ್ಮ ಆ ದಿನ ನಕ್ಕದ್ದು ಆಗ ಮಾತ್ರ.

ಇಬ್ಬರಿಗೂ ಹೊಸ ಗಾಜಿನಲ್ಲಿ ಟ್ಯಾಂಕ್ ಮಾಡಿಕೊಟ್ಟೆ. ಮುಂದಿನ ಭಾನುವಾರ ವರಾಂಡದಲ್ಲಿ ಎಲ್ಲರೆದುರು ನಡೆದದ್ದನ್ನು ನಾನೇ ಹೇಳಿದೆ. ಒಬ್ಬಿಬ್ಬರು ಗಿರಾಕಿಗಳು ಬಿಟ್ಟುಹೋದರು. ಉಳಿದವರು ಬೇಲೂರಿನವರೆಗೂ ನನ್ನ ಹೆಸರು ಒಯ್ದರು. ಇವತ್ತು ಯಾವ ಹೊಸ ಟ್ಯೂಬ್ ಬಂದರೂ ಪಕ್ಕದ ಮೆಡಿಕಲ್ ಸ್ಟೋರಿನವರಿಂದ ಕೊನೆಯ ಅಕ್ಷರದವರೆಗೂ ಓದಿಸಿಯೇ ಬಿಚ್ಚುತ್ತೇನೆ. ನಾಚಿಕೆಯಿಲ್ಲ. ಈ ಅಂಗಡಿ, ಮೇಲಿನ ಮನೆ, ಮಕ್ಕಳ ಓದು ಎಲ್ಲವೂ ಆ ಬಸ್ ಪ್ರಯಾಣದಿಂದಲೇ ಬಂದದ್ದು ಎಂದು ನಂಬಿದ್ದೇನೆ.

ಯಜಮಾನರು ರಿಟೈರ್ ಆದ ಮೇಲೆ ಗಾರ್ಡಮ್ಮ ತಮ್ಮ ಸೀಮೆಗೆ ಹೊರಟುಹೋದರು. ಬಾ ಬಾ ಎಂದು ಕರೆಯುತ್ತಲೇ ಇದ್ದರು. ಹೋಗೋಣ, ಕೆಲಸ ಕಡಿಮೆಯಾಗಲಿ ಎನ್ನುತ್ತಲೇ ಇದ್ದೆ. ಕೊನೆಗೆ ಯಜಮಾನರೇ ಫೋನ್ ಮಾಡಿ, ಅವರು ತೀರಿಹೋಗಿ ಹನ್ನೊಂದು ದಿನವಾಯಿತು ಎಂದರು...

ಬ್ಯಾಂಕಿನ ಹುಡುಗಿಗೆ ಎರಡೂವರೆ ಅಡಿಯ ಟ್ಯಾಂಕಿಗೆ ಅಳತೆ ಬರೆದುಕೊಟ್ಟು ಕಳಿಸಿದೆ. ಅವಳು ಹೋದ ಮೇಲೆ ತುಂಬ ಹೊತ್ತು ಕೆಲಸ ಸಾಗಲಿಲ್ಲ. ಸೆಕ್ರೆಟರಿಯವರ ಹತ್ತಿರ ತಪ್ಪಾಯಿತು ಎಂದೆ. ವರಾಂಡದಲ್ಲಿ ಅಷ್ಟು ಜನರೆದುರು ತಪ್ಪಾಯಿತು ಎಂದೆ. ಸತ್ತ ಮೀನುಗಳ ಮುಂದೆ ನಿಂತು ಗಾರ್ಡಮ್ಮನಿಗೆ 'ಇಲ್ಲಮ್ಮ' ಎಂದು ಸುಳ್ಳು ಹೇಳಿದ್ದಕ್ಕೆ ಮಾತ್ರ ಕೊನೆಯವರೆಗೂ ತಪ್ಪಾಯಿತು ಎನ್ನಲಿಲ್ಲ. ಅವರೂ ಅದನ್ನು ಒಂದು ಸಲವೂ ಎತ್ತಿ ಆಡಲಿಲ್ಲ.