ಸಾರು ತರುವ ಪಾಲಿಸಿ

“ಯಾವ ಪಾಲಿಸಿ ತಗೊಂಡ್ರೆ ಸಾರು ತರೋ ಹುಡುಗಿಯರನ್ನ ಕಳಿಸ್ತಾರೆ?” ಎಂದು ಮಿನ್‌ಜಿ ಇಂಗ್ಲಿಷಿನಲ್ಲಿ ಕೇಳಿದಾಗ ತಮಾಷೆ ಎಂದುಕೊಂಡೆ. ಮುಖ ನೋಡಿದರೆ ತಮಾಷೆ ಇರಲಿಲ್ಲ.

ಕೊರಿಯಾದಿಂದ ನಮ್ಮ ಗುಡಗಾಂವ್ ಆಫೀಸಿಗೆ ಬಂದು ಒಬ್ಬಳೇ ವಾಸವಿದ್ದ ಅವಳು, ಆರೋಗ್ಯ ವಿಮೆ ಆರಿಸಿಕೊಡು ಎಂದು ಕ್ಯಾಂಟೀನಿನಲ್ಲಿ ಕಂಪನಿಗಳ ಕರಪತ್ರ ಹರಡಿ ಕೂತಿದ್ದಳು. ಹಿಂದಿನ ತಿಂಗಳು ನನಗೆ ಡೆಂಗಿ ಬಂದಾಗ ಆಸ್ಪತ್ರೆಗೆ ನೋಡಲು ಬಂದಿದ್ದಳು. ಫ್ಲಾಸ್ಕಿನಲ್ಲಿ ಬಿಸಿ ಸಾರು ತಂದು, ನನ್ನ ಮಂಚದ ಪಕ್ಕ ಚಾಪೆ ಹಾಸಿ ಸರದಿಯಂತೆ ಮಲಗುತ್ತಿದ್ದ ಸವಿತಾ, ನಸೀಮಾರನ್ನು ವಿಮಾ ಕಂಪನಿಯೇ ಕಳಿಸಿದೆ ಎಂದು ತಿಳಿದಿದ್ದಳು. ಅವರು ನನ್ನ ರೂಮ್‌ಮೇಟ್‌ಗಳು, ನಮ್ಮಲ್ಲಿ ಹುಷಾರಿಲ್ಲದವರನ್ನು ಆಸ್ಪತ್ರೆಯಲ್ಲಿ ಒಂಟಿಯಾಗಿ ಬಿಡುವುದಿಲ್ಲ ಎಂದೆ.

“ಹಾಗಾದ್ರೆ ಅದು ನನಗೆ ಸಿಗಲ್ಲ” ಎಂದು ಅವಳು ಮೆಲ್ಲಗೆ ಕರಪತ್ರ ಮಡಚಿದಳು. ಇದ್ದುದರಲ್ಲಿ ಒಳ್ಳೆಯದೊಂದನ್ನು ಆರಿಸಿಕೊಟ್ಟೆ. ಸಂಜೆ ರೂಮಿನಲ್ಲಿ ಇದನ್ನು ಹೇಳಿದಾಗ ಸವಿತಾ ನಗಲು ಶುರುಮಾಡಿ, ಅರ್ಧಕ್ಕೇ ನಿಲ್ಲಿಸಿ ಅವಳ ಫೋನ್ ನಂಬರ್ ಕೇಳಿದಳು.

ಚಳಿಗಾಲದಲ್ಲಿ ಮಿನ್‌ಜಿಗೆ ಅಪೆಂಡಿಕ್ಸ್ ಆಪರೇಷನ್ ಆಯಿತು. ನರ್ಸ್ ಹೊರಬಂದು “ಮರೀಜ್ ಕೆ ಸಾಥ್ ಕೌನ್ ಹೈ?” ಎಂದು ರೋಗಿಯ ಕಡೆಯವರನ್ನು ಕರೆದಾಗ, ಬೆಂಚಿನಿಂದ ನಾವು ಮೂವರೂ ಒಟ್ಟಿಗೇ ಎದ್ದು ನಿಂತೆವು. ನಸೀಮಾಳ ಕೈಯಲ್ಲಿ ಫ್ಲಾಸ್ಕ್ ಇತ್ತು.