ರಾಯಲ್ಪಾಡಿನ ಸೈಕಲ್ ಟಪಾಲು

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲದಲ್ಲಿ ನನಗೆ ಶ್ರೀನಿವಾಸಪುರಕ್ಕೆ ವರ್ಗವಾಯಿತು. ಅಲ್ಲಿನ ಒಂದು ಅಂಚೆ ಕಚೇರಿಗೆ ನಾನೇ ಪೋಸ್ಟ್‌ಮಾಸ್ಟರ್. ಆ ಕುರ್ಚಿಯಲ್ಲಿ ಹೆಂಗಸೊಬ್ಬಳು ಕೂತದ್ದು ಅದೇ ಮೊದಲು. "ಪೋಸ್ಟ್‌ಮಾಸ್ಟ್ರು ಎಲ್ಲಿ ಹೋದ್ರಮ್ಮಾ?" ಎಂದು ನನ್ನನ್ನೇ ಕೇಳುವವರಿದ್ದರು. ಕಚೇರಿ ಇದ್ದದ್ದು ಬಾಡಿಗೆ ಮನೆಯಲ್ಲಿ. ಹಿಂದುಗಡೆ ಮನೆಯೊಡತಿಯ ಹಿಪ್ಪುನೇರಳೆ ತೋಟ, ಪಕ್ಕದಲ್ಲೇ ಅವರು ರೇಷ್ಮೆ ಹುಳು ಸಾಕುತ್ತಿದ್ದ ಕೋಣೆ.

ಕೋಲಾರದಿಂದ ಟಪಾಲು ಬೆಳಗಿನ ಬಸ್ಸಿನಲ್ಲಿ ಬರುತ್ತಿತ್ತು. ರಾಯಲ್ಪಾಡಿನ ಕಡೆಯ ಚೀಲವನ್ನು ಮುಂದಕ್ಕೆ ಒಯ್ಯಲು ಗುತ್ತಿಗೆಯ ಹಳೆಯ ಡೀಸೆಲ್ ವ್ಯಾನೊಂದಿತ್ತು. ಆ ಚೀಲವೋ, ತಲೆದಿಂಬಿನಷ್ಟು. ಅದೊಂದನ್ನು ಹೊತ್ತು ಅಷ್ಟು ದೊಡ್ಡ ಗಾಡಿ ಆಂಧ್ರದ ಗಡಿಯವರೆಗೆ ಹೋಗಿ ಬರುತ್ತಿತ್ತು. ಎಂಜಿನ್ ನಿಂತರೆ ತಳ್ಳಿಯೇ ಹೊರಡಿಸಬೇಕಾದ್ದರಿಂದ ಡ್ರೈವರ್ ಅದನ್ನು ನಿಲ್ಲಿಸುತ್ತಲೇ ಇರಲಿಲ್ಲ. ನಾವು ಚೀಲ ಕಟ್ಟಿ ಅರಗಿನ ಮುದ್ರೆ ಒತ್ತುವವರೆಗೂ ಅದು ಗೋಡೆಯ ಪಕ್ಕ ಕರಿ ಹೊಗೆ ಉಗುಳುತ್ತ ನಿಂತಿರುತ್ತಿತ್ತು.

ಒಂದು ದಿನ ಮನೆಯೊಡತಿ ಒಂದು ಹಿಡಿ ಹಿಪ್ಪುನೇರಳೆ ಸೊಪ್ಪು ಹಿಡಿದು ಒಳಗೆ ಬಂದರು. ನನ್ನ ಮೇಜಿನ ಮೇಲಿದ್ದ ಬಿಳಿ ಹಾಳೆಗೆ ಒಂದು ಎಲೆಯನ್ನು ಉಜ್ಜಿದರು. ಕಪ್ಪು ಗೆರೆ ಬಿತ್ತು.

"ನೋಡಮ್ಮಾ, ಹುಳ ಈ ಸೊಪ್ಪನ್ನ ಮುಟ್ಟಲ್ಲ. ಗೂಡು ಕಟ್ಟೋಕೆ ಮುಂಚಿನ ದಿನ ಇವು, ಹಸಿವು ಜಾಸ್ತಿ ಈಗ. ನಿಮ್ಮ ಕಾಗದ ಹೋಗ್ಲಿ, ಬೇಡ ಅನ್ನಲ್ಲ. ಅದಕ್ಕೆ ನನ್ನ ಹುಳ ಸಾಯ್ಬೇಕಾ?"

ಅವರ ದನಿಯಲ್ಲಿ ಜಗಳವಿರಲಿಲ್ಲ. ಅದೇ ನನಗೆ ಹೆಚ್ಚು ನಾಟಿತು. ಅಂದಿನಿಂದ ವ್ಯಾನನ್ನು ಬೀದಿಯ ಕೊನೆಗೆ ನಿಲ್ಲಿಸಲು ಹೇಳಿದೆ. ಡ್ರೈವರ್ ಗೊಣಗಿದ. ಹೊಗೆ ಅಲ್ಲಿಯ ಮನೆಗಳಿಗೆ ಹೋಯಿತು, ಅಷ್ಟೆ. ಇಷ್ಟು ಸಣ್ಣ ಚೀಲಕ್ಕೆ ಈ ಗಾಡಿಯೇ ಯಾಕೆ ಬೇಕು ಎಂದು ಮೇಲಿನವರನ್ನು ಕೇಳಿದೆ. ಉತ್ತರ ಬರಲಿಲ್ಲ.

ಅಷ್ಟರಲ್ಲಿ ಡೀಸೆಲ್ಲಿಗೆ ಬರ ಬಂತು. ಬಂಕುಗಳ ಮುಂದೆ ಲಾರಿಗಳು ಸಾಲುಗಟ್ಟಿದವು. ನಮ್ಮ ವ್ಯಾನೂ ನಿಂತಿತು. ಕೋಲಾರಕ್ಕೆ ಫೋನ್ ಮಾಡಿದರೆ, "ಸದ್ಯಕ್ಕೆ ನೀವೇ ಏನಾದ್ರೂ ನೋಡ್ಕೊಳ್ಳಿ" ಎಂದರು. ನನಗೆ ಬೇಕಾಗಿದ್ದದ್ದೂ ಅದೇ ಮಾತು.

ನಮ್ಮಲ್ಲಿ ಟಪಾಲು ಹೊರುವವರು ಇಬ್ಬರು. ಒಬ್ಬರು ರಾಗಿ ಬೆಳೆಯುವ ಮನೆತನದ ರೈತ. ಇನ್ನೊಬ್ಬರು ಮನೆಯಲ್ಲಿ ದಖ್ಖನಿ ಮಾತಾಡುವ ಸಾಬರು. ಅವರ ಅಣ್ಣಂದಿರಿಗೆ ತಗಡಿನ ಕೆಲಸದ ಅಂಗಡಿಯಿತ್ತು. ಇಬ್ಬರನ್ನೂ ಕೂರಿಸಿಕೊಂಡು, ಸೈಕಲ್ಲಿನಲ್ಲಿ ರಾಯಲ್ಪಾಡಿಗೆ ಹೋಗಿಬರಲು ಆದೀತೇ ಎಂದು ಕೇಳಿದೆ.

"ಹೋಗ್ಬೋದು ಮೇಡಂ. ಮಾರನೇ ದಿನ ಏಳೋಕಾಗಲ್ಲ," ಎಂದರು ರೈತ.

ಸಾಬರು ಸ್ವಲ್ಪ ಯೋಚಿಸಿ, "ಪೂರಾ ಯಾಕೆ ಹೋಗ್ಬೇಕು? ರಾಯಲ್ಪಾಡಿನವ್ರು ಅರ್ಧ ದಾರಿ ಬರ್ಲಿ. ನಾವು ಅರ್ಧ ಹೋಗ್ತೀವಿ. ನಡುವೆ ಚೀಲ ಬದಲಾಯಿಸ್ಕೊಂಡ್ರೆ ಆಯ್ತಲ್ಲ," ಎಂದರು.

ರಾಯಲ್ಪಾಡಿನಲ್ಲಿ ಟಪಾಲು ಹೊರುವವರಿಗೆ ಹೇಳಿ ಕಳಿಸಿದೆ. "ದಾನಿಕೇಮಮ್ಮಾ, ವಸ್ತಾನು" ಎಂದು ತೆಲುಗಿನಲ್ಲೇ ಒಪ್ಪಿಗೆ ಬಂತು. ಸಾಬರ ಅಣ್ಣಂದಿರು ಸೈಕಲ್ಲುಗಳ ಹಿಂದೆ ತಗಡಿನ ಪೆಟ್ಟಿಗೆ ಕೂರಿಸಿ, ಮಳೆಗೆ ಟಾರ್ಪಾಲಿನ ಹೊದಿಕೆ ಹೊಲಿಸಿಕೊಟ್ಟರು.

ನಾವು ಯಾರೂ ಎಣಿಸದಿದ್ದ ಒಂದು ಲಾಭವಾಯಿತು. ವ್ಯಾನು ಟಾರು ರಸ್ತೆ ಬಿಟ್ಟು ಇಳಿಯುತ್ತಿರಲಿಲ್ಲ. ಒಳಗಿನ ಹಳ್ಳಿಗಳ ಕಾಗದಗಳು ರಾಯಲ್ಪಾಡಿಗೆ ಹೋಗಿ, ಮರುದಿನ ಅಲ್ಲಿಂದ ಹಿಂದಕ್ಕೆ ಆ ಹಳ್ಳಿಗಳಿಗೆ ಬರುತ್ತಿದ್ದವು. ಸೈಕಲ್ಲಿಗೆ ಮಾವಿನ ತೋಪಿನ ಕಾಲುದಾರಿಯೂ ದಾರಿಯೇ. ಅಲ್ಲಿಯವರಿಗೆ ಅಂದಿನ ಕಾಗದ ಅಂದೇ ಸಿಗತೊಡಗಿತು. ಮನೆಯೊಡತಿಯ ಹುಳುಗಳು ಆ ಸಲ ತುಂಬು ಗೂಡು ಕಟ್ಟಿದವು. ಸಂತೋಷಕ್ಕೆ ಅವರು ನಮಗೆಲ್ಲ ಒಬ್ಬಟ್ಟು ಮಾಡಿ ಬಡಿಸಿದರು.

ಡೀಸೆಲ್ ಮತ್ತೆ ಸಿಗುವಂತಾದಾಗ ಗುತ್ತಿಗೆದಾರ ವ್ಯಾನು ತರುತ್ತೇನೆಂದು ಓಡಾಡತೊಡಗಿದ. ಸೈಕಲ್ ವ್ಯವಸ್ಥೆಯೇ ಸಾಕೆಂದು ನಾನು ಪಟ್ಟು ಹಿಡಿದೆ. ಕಣ್ಣಾರೆ ನೋಡಿ ತೀರ್ಮಾನಿಸಲು ಅಂಚೆ ಇಲಾಖೆಯ ಇನ್‌ಸ್ಪೆಕ್ಟರ್ ಜೀಪಿನಲ್ಲಿ ಬಂದರು. ಹಿಂಗಾರು ಮಳೆ ಜೋರಾಗಿ ಹೊಯ್ದಿದ್ದ ವಾರ ಅದು.

"ಮಳೆಗಾಲದಲ್ಲಿ ಸೈಕಲ್ ನಂಬೋದು ಹೇಗಮ್ಮಾ?" ಎಂದರು.

"ಬನ್ನಿ ಸಾರ್, ಜೊತೆಯಲ್ಲೇ ಹೋಗೋಣ," ಎಂದೆ. ಒಳಗೊಳಗೆ ನನಗೂ ಅಳುಕಿತ್ತು.

ಸೈಕಲ್ಲುಗಳ ಹಿಂದೆ ನಮ್ಮ ಜೀಪು. ಅರ್ಧ ದಾರಿಗೆ ಇನ್ನೇನು ಸ್ವಲ್ಪ ದೂರ ಎನ್ನುವಾಗ ಕೆರೆ ಕೋಡಿ ಬಿದ್ದು ರಸ್ತೆಯ ಮೇಲೆ ನೀರು ಹರಿಯುತ್ತಿತ್ತು. ಎಷ್ಟೋ ವರ್ಷಕ್ಕೆ ಬಿದ್ದ ಕೋಡಿ. ಊರಿಗೆ ಊರೇ ನೋಡಲು ಬಂದಿತ್ತು. ಜೀಪಿನ ಡ್ರೈವರ್ ಇಳಿದು ನೋಡಿ, ಆಗುವುದಿಲ್ಲವೆಂದು ತಲೆಯಾಡಿಸಿದ. ರೈತರೂ ಸಾಬರೂ ಪ್ಯಾಂಟು ಮಡಚಿ, ಸೈಕಲ್ಲುಗಳನ್ನು ಹೆಗಲಿಗೇರಿಸಿಕೊಂಡು ಮೊಣಕಾಲುದ್ದದ ನೀರಿಗೆ ಇಳಿದರು. ಆ ದಡದಲ್ಲಿ ರಾಯಲ್ಪಾಡಿನವರು ತಮ್ಮ ಚೀಲವನ್ನು ತಲೆಯ ಮೇಲಿಟ್ಟುಕೊಂಡು ಕಾಯುತ್ತಿದ್ದರು.

ಇನ್‌ಸ್ಪೆಕ್ಟರ್ ಒಂದು ಕ್ಷಣ ನಿಂತು ನೋಡಿದರು. ಆಮೇಲೆ ಬೂಟು ಕಳಚಿ ಕೈಯಲ್ಲಿ ಹಿಡಿದು ತಾವೂ ನೀರಿಗೆ ಇಳಿದರು. ಸೀರೆ ಎತ್ತಿ ಕಟ್ಟಿ ನಾನೂ ಇಳಿದೆ. ಆಚೆ ದಡ ಸೇರಿದಾಗ ಕೋಡಿ ನೋಡಲು ಬಂದಿದ್ದ ಜನ ಶಿಳ್ಳೆ ಹೊಡೆದರು, ಚಪ್ಪಾಳೆ ತಟ್ಟಿದರು. ಇನ್‌ಸ್ಪೆಕ್ಟರ್ ಚೀಲ ಮುಟ್ಟಿ ನೋಡಿದರು. ಒಂದು ಹನಿ ತೇವವಿರಲಿಲ್ಲ.

"ವ್ಯಾನ್ ಆಗಿದ್ರೆ ಇವತ್ತು ಟಪಾಲು ಇಲ್ಲ," ಎಂದರು, ತಮಗೆ ತಾವೇ ಎಂಬಂತೆ.

ಸೈಕಲ್ಲುಗಳೇ ಕಾಯಂ ಎಂಬ ಆದೇಶ ಸಂಕ್ರಾಂತಿಯ ಹೊತ್ತಿಗೆ ಬಂತು. ಮುಳಬಾಗಿಲಿನ ಕಡೆಯಿಂದಲೂ ಅಂಚೆಯವರಿಬ್ಬರು ಬಂದು ನಮ್ಮ ತಗಡಿನ ಪೆಟ್ಟಿಗೆಯ ಅಳತೆ ಬರೆದುಕೊಂಡು ಹೋದರು. ಆದೇಶ ಬಂದ ಬೆಳಿಗ್ಗೆ ಸಾಬರು ತಮ್ಮ ಸೈಕಲ್ಲನ್ನು ನನ್ನ ಮುಂದೆ ತಂದು ನಿಲ್ಲಿಸಿ, "ಇವತ್ತು ಊರು ದಾಟೋವರೆಗೂ ನೀವೇ ತುಳೀರಿ ಮೇಡಂ," ಎಂದರು. ಹುಡುಗಿಯಾಗಿದ್ದಾಗ ಕಲಿತದ್ದು, ಮದುವೆಯಾದ ಮೇಲೆ ಮುಟ್ಟಿರಲಿಲ್ಲ. ಮೊದಲು ಸ್ವಲ್ಪ ವಾಲಾಡಿದೆ, ಆಮೇಲೆ ಹಿಡಿತ ಸಿಕ್ಕಿತು. ಅಂಗಡಿಯವರು ಎದ್ದು ನಿಂತು ನೋಡುತ್ತಿದ್ದರು. ಸೆರಗು ಸಿಕ್ಕಿಸಿಕೊಂಡು, ಹಿಂದಿನ ಪೆಟ್ಟಿಗೆಯಲ್ಲಿ ರಾಯಲ್ಪಾಡಿನ ಟಪಾಲು ಹೊತ್ತು, ಗಂಟೆ ಬಾರಿಸುತ್ತ ನಾನು ಊರ ನಡುವಿನಲ್ಲೇ ಹೋದೆ.