ಕಾಕಾ ಕಟ್ಟಿದ ಜೋಡಿ ಸೈಕಲ್

ಹೋದ ತಿಂಗಳು ಬೈಕ್ ಪಂಕ್ಚರ್ ಆಗಿ ರಸ್ತೆ ಬದಿಯ ಅಂಗಡಿಯೊಂದರಲ್ಲಿ ನಿಂತಿದ್ದೆ. ಅಂಗಡಿಯವನು ಟ್ಯೂಬ್ ಉಜ್ಜಿ, ಸಲ್ಯೂಷನ್ ಹಚ್ಚಿ, ಒಣಗಲೆಂದು ಬಾಯಿಂದ ಊದಿದ. ಆ ಘಾಟು ವಾಸನೆ ಮೂಗಿಗೆ ಬಡಿದದ್ದೇ ತಡ, ಬೆಂಗಳೂರಿನ ಬಾಗಲಗುಂಟೆಯ ಆ ಚಿಕ್ಕ ಅಂಗಳ ಕಣ್ಣ ಮುಂದೆ ಬಂತು. ಜೊತೆಗೆ ಕಾಕಾ...

ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಒಂದೊಂದಾಗಿ ಏಳುತ್ತಿದ್ದ ವರ್ಷಗಳವು. ಪೀಣ್ಯದ ಕಾರ್ಖಾನೆಯೊಂದರಲ್ಲಿ ನಾನು ವಾಲ್ವ್‌ಗಳ ಅಳತೆ ಪರೀಕ್ಷಿಸುವ ಕೆಲಸದಲ್ಲಿದ್ದೆ. ಮಹಡಿಯ ಮೇಲಿನ ರೂಮಿನಲ್ಲಿ ಒಬ್ಬನೇ. ಕೆಳಗಿನ ಮನೆಯಲ್ಲಿ ಬಾದಾಮಿ ಕಡೆಯ ದಂಪತಿ. ಮಕ್ಕಳಿರಲಿಲ್ಲ. ಅವರನ್ನು ಕಾಕಾ, ಕಾಕು ಎನ್ನುತ್ತಿದ್ದೆ. ಅವರಿಗೆ ನಾನು 'ತಮ್ಮಾ'. ಕಾರ್ಖಾನೆಯಲ್ಲಿ ನನಗೆ ಟೋಕನ್ ನಂಬರು, ಮನೆ ಓನರಿಗೆ ನಾನು ಮೇಲಿನ ರೂಮು. ಅಷ್ಟು ದೊಡ್ಡ ಊರಲ್ಲಿ ಬಾಯ್ತುಂಬ ಕರೆಯುತ್ತಿದ್ದವರು ಅವರಿಬ್ಬರೇ.

ಕಾಕಾ ವೆಲ್ಡರ್. ದೀಪಾವಳಿ ಕಳೆದು ಮಳೆ ನಿಂತಿತೆಂದರೆ ಅವರ ಸೈಕಲ್ ಕೆಲಸ ಶುರು. ಮಳೆಗಾಲದಲ್ಲಿ ಅಂಗಳವೆಲ್ಲ ಕೆಸರು, ಹಚ್ಚಿದ ಬಣ್ಣ ಒಣಗುತ್ತಿರಲಿಲ್ಲ. ಹಾಗಾಗಿ ಚಳಿಗಾಲಕ್ಕೊಂದು ಕೆಲಸ. ಒಂದು ವರ್ಷ ಹಳೆಯ ಕಂಬಿ ಬ್ರೇಕು ಕಿತ್ತು ವೈರಿನ ಬ್ರೇಕು ಕೂರಿಸಿದರು. ಇನ್ನೊಂದು ವರ್ಷ ಗುಜರಿಯಿಂದ ತಂದ ಗೇರು. ಸಂಕ್ರಾಂತಿಯ ಹೊತ್ತಿಗೆ ಬಣ್ಣ ಬಳಿದು ನಿಲ್ಲಿಸಿದರೆ ಹೊಸದೇ ಬಂತೇನೋ ಅನ್ನಬೇಕು.

ಕಾಕು ಕೂಡ ಸೈಕಲ್ ಮೇಲೆಯೇ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದವರು. ನಾನು ಅಲ್ಲಿಗೆ ಹೋದ ಮೂರನೇ ವರ್ಷ ಅವರ ಕಣ್ಣು ಮಂಜಾಗತೊಡಗಿತು. ಮೊದಲು ಪಕ್ಕದ್ದು ಕಾಣದಾಯಿತು, ಆಮೇಲೆ ಎದುರಿನದೂ. ಸರಿಯಾಗುವ ಕಾಯಿಲೆ ಅಲ್ಲ ಎಂದರು ಡಾಕ್ಟರು. ಕೆಲಸ ಹೋಯಿತು. ಕಾಕು ಹೊಸ್ತಿಲಲ್ಲಿ ಕೂತು ಬೀದಿಯ ಸದ್ದು ಕೇಳುತ್ತಿದ್ದರು. ಆದರೂ ಅವರ ಸೈಕಲ್ ಮಾತ್ರ ಗೋಡೆಗೆ ಒರಗಿಯೇ ಇತ್ತು. ಮಾರಲು ಬಿಟ್ಟಿರಲಿಲ್ಲ.

ಆ ಚಳಿಗಾಲದ ಒಂದು ಭಾನುವಾರ ಅಂಗಳದಲ್ಲಿ ಗರಗಸದ ಸದ್ದು. ಕಾಕು ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದರು.

"ಏನ್ ಕೊಯ್ಯಾಕತ್ತೀರಿ?"

ಕಾಕಾ ಗರಗಸ ನಿಲ್ಲಿಸಿದರು.

"ನಂದಾ?"

"ಹೂಂ."

ಕಾಕು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಎರಡು ದಿನ ಮಾತಿಲ್ಲ. ಏನು ಮಾಡುತ್ತಿದ್ದೇನೆಂದು ಕಾಕಾ ಬಾಯಿ ಬಿಡಲೂ ಇಲ್ಲ. "ಆಗತದೋ ಇಲ್ಲೋ ನನಗs ಗೊತ್ತಿಲ್ಲ. ಆಸೆ ಹಚ್ಚಿ ಕೈ ಕೊಟ್ರ ಪಾಪ ಬರತದ ತಮ್ಮಾ" ಎಂದು ನನಗಷ್ಟೇ ಹೇಳಿದರು.

ಅವರದೊಂದು, ಕಾಕುವಿನದೊಂದು, ಎರಡು ಸೈಕಲ್ ಸೇರಿ ಒಂದಾಗುತ್ತಿತ್ತು. ಮುಂದೊಂದು ಸೀಟು, ಹಿಂದೊಂದು ಸೀಟು. ಯಾರು ತುಳಿದರೂ ಇಬ್ಬರ ಪೆಡಲೂ ತಿರುಗಬೇಕು. ಬೆಸುಗೆಯನ್ನು ತಾವು ಕೆಲಸ ಮಾಡುವ ಶೆಡ್ಡಿನಲ್ಲಿ ಮಾಡಿಕೊಂಡು ಬಂದರು. ಉಳಿದದ್ದೆಲ್ಲ ಅಂಗಳದಲ್ಲಿ. ಸೀರೆ ಸಿಕ್ಕದ ಹಾಗೆ ಹಿಂದಿನ ಚೈನಿಗೆ ತಗಡಿನ ಕವಚ ಬಡಿದರು. ನಾನು ಸ್ಪ್ಯಾನರ್ ಕೊಡುತ್ತಾ ಪಕ್ಕದಲ್ಲಿ ಕೂತಿರುತ್ತಿದ್ದೆ. ರಜೆಯ ದಿನ ಹೋಗಲು ನನಗೆ ಬೇರೆ ಯಾವ ಜಾಗವೂ ಇರಲಿಲ್ಲ.

ಮುಗಿದ ದಿನ ಕಾಕಾ ನನ್ನನ್ನು ಹಿಂದೆ ಕೂರಿಸಿದರು. "ಕಣ್ಣ್ ಮುಚ್ಚು. ಆಕಿಗಿ ಹೆಂಗ ಅನಸತದ ನನಗ ತಿಳೀಬೇಕು."

ಬೀದಿ ತುದಿ ದಾಟುವಷ್ಟರಲ್ಲೇ ನನ್ನ ಜೀವ ಬಾಯಿಗೆ ಬಂದಿತ್ತು. ಹಂಪ್ ಎಲ್ಲಿ, ತಿರುವು ಎಲ್ಲಿ, ಏನೂ ಗೊತ್ತಾಗದು. ತಿರುವೊಂದರಲ್ಲಿ ಹೆದರಿ ನೆಲಕ್ಕೆ ಕಾಲು ಊರಿಬಿಟ್ಟೆ. ಇಬ್ಬರೂ ಬಿದ್ದೆವು. ಕಾಕಾನ ಮೊಣಕಾಲು ತರಚಿ ರಕ್ತ ಬಂತು.

"ಏನಾಗ್ತಿದೆ ಅಂತಾನೇ ಗೊತ್ತಾಗಲ್ಲ ಕಾಕಾ. ನೀವು ಏನಾದ್ರೂ ಹೇಳ್ತಾ ಇರ್ಬೇಕು" ಅಂದೆ.

ಅವರು ಮಣ್ಣು ಕೊಡವಿಕೊಂಡು ಸೈಕಲ್ ಎತ್ತಿ ನಿಲ್ಲಿಸಿದರು. "ಖರೇ ಅಂದಿ" ಎಂದರು.

ಮರುವಾರ ಕಾಕುವಿನ ಕೈ ಹಿಡಿದು ತಂದು ಹಿಂದಿನ ಹ್ಯಾಂಡಲ್ ಮೇಲೆ ಇಟ್ಟರು. ಕಾಕು ಹ್ಯಾಂಡಲ್ ಸವರಿದರು, ಸೀಟು ಸವರಿದರು. "ನಂದs ಐತಿ" ಎಂದರು. ಸೆರಗು ಸಿಕ್ಕಿಸಿ ಹತ್ತಿ ಕೂತರು. ಮಂಜಿನಲ್ಲಿ ಸೈಕಲ್ ಹೋದ ಮೇಲೂ ಕಾಕಾನ ದನಿ ಕೇಳುತ್ತಿತ್ತು. "ಹಂಪ್ ಬಂತು... ಎಡಕ್ಕ ಹೊಳ್ಳತೀನಿ... ಹೂವಿನಾಕಿ ಕುಂತಾಳ ನೋಡು, ಸೇವಂತಿಗಿ ತಂದಾಳ..." ಅರ್ಧ ಗಂಟೆ ಬಿಟ್ಟು ಬಂದಾಗ ಕಾಕುವಿನ ಕೂದಲು ಕೆದರಿತ್ತು. ಅವರು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಅಂದೇ ಕೇಳಿದ್ದು.

ಎರಡು ಚಳಿಗಾಲ ಹಾಗೆ ತಿರುಗಾಡಿದರು. ಮೂರನೆಯದಕ್ಕೆ ಕಾಕಾ ಇರಲಿಲ್ಲ. ಶೆಡ್ಡಿನಲ್ಲಿ ಊಟಕ್ಕೆ ಕೂತವರು ಹಾಗೇ ಪಕ್ಕಕ್ಕೆ ವಾಲಿದರಂತೆ...

ತಿಂಗಳು ಕಳೆದ ಮೇಲೆ ಕಾಕುವನ್ನು ಕರೆದೊಯ್ಯಲು ಅವರ ಅಣ್ಣ ಬಂದರು. ಅಂದು ಸಂಜೆ ಮೆಟ್ಟಿಲ ಬುಡದಲ್ಲಿ ನಿಂತು ಕಾಕು ಕರೆದರು. "ತಮ್ಮಾ, ಹೋಗೂದ್ರೊಳಗ ಒಂದ್ ಸುತ್ತು ಕರ್ಕೊಂಡ್ ಹೋಗ್ತಿ ಏನು?"

ಗಂಡ ಸತ್ತು ತಿಂಗಳಾದ ಹೆಂಗಸು, ಮದುವೆಯಾಗದ ನಾನು. ಬೀದಿಯವರ ಕಣ್ಣುಗಳೆಲ್ಲ ಒಮ್ಮೆಗೇ ನೆನಪಾದವು. "ಭಾನುವಾರ ಹೋಗೋಣ ಕಾಕು" ಅಂದೆ. ಆಗಲಿ ಎಂಬಂತೆ ತಲೆಯಾಡಿಸಿದರು. ಶನಿವಾರ ನಾನು ಕೆಲಸ ಮುಗಿಸಿ ಬರುವಷ್ಟರಲ್ಲಿ ಮನೆ ಖಾಲಿಯಾಗಿತ್ತು. ಅಣ್ಣ ಬೇಡವೆಂದರೂ ಕೇಳದೆ ಸೈಕಲನ್ನು ಟೆಂಪೋಗೆ ಹಾಕಿಸಿಕೊಂಡು ಹೋದರಂತೆ. ನನಗೆಂದು ಓನರ್ ಬಳಿ ಅಣ್ಣನ ಫೋನ್ ನಂಬರು ಬಿಟ್ಟಿದ್ದರು. ಏನು ಹೇಳಲಿ ಎಂದುಕೊಳ್ಳುತ್ತಲೇ ವರ್ಷಗಳು ಹೋದವು.

ಪಂಕ್ಚರ್ ಅಂಗಡಿಯಿಂದ ಬಂದ ದಿನ ಆ ನಂಬರಿಗೆ ಫೋನ್ ಮಾಡಿದೆ. ಯಾರೋ ಹೆಂಗಸು ಎತ್ತಿದರು. ಕಾಕು ತೀರಿಹೋಗಿ ಎರಡು ವರ್ಷವಾಯಿತು ಎಂದರು.

"ನೀವ್ ಯಾರ್ರೀ?"

"ಬೆಂಗಳೂರಿನ ಮೇಲಿನ ಮನೆಯವನು."

"ಯಾವ ಮ್ಯಾಲಿನ ಮನಿ?"

ಆ ಕಡೆಯವರು ಎರಡು ಸಲ ಹಲೋ ಅಂದು ಫೋನ್ ಇಟ್ಟರು.